ಹಾಡಿ ಕಟ್ಟಿದ ಕಾಲೇಜು: ಫಿಸ್ಕ್ ವಿಶ್ವವಿದ್ಯಾಲಯ ಮತ್ತು ಅದರ ವಿದ್ಯಾರ್ಥಿಗಳು

ಅಮೆರಿಕದಲ್ಲಿ ಇಂದು ಸುಮಾರು ನೂರು ಕಾಲೇಜು, ವಿಶ್ವವಿದ್ಯಾಲಯಗಳನ್ನು ‘ಎಚ್‌ಬಿಸಿಯು’ (ಚಾರಿತ್ರಿಕವಾಗಿ ಕಪ್ಪುವರ್ಣೀಯರ ಕಾಲೇಜು, ವಿಶ್ವವಿದ್ಯಾಲಯಗಳು) ಎಂಬ ಒಂದು ವರ್ಗಕ್ಕೆ ಸೇರಿಸಲಾಗಿದೆ. 1964ಕ್ಕೆ ಮೊದಲು ಸ್ಥಾಪನೆಯಾಗಿರಬೇಕು, ಕಪ್ಪುವರ್ಣೀಯರಿಗೆ ವಿದ್ಯೆ ಕೊಡುವುದೇ ಅದರ ಮುಖ್ಯ ಉದ್ದೇಶವಾಗಿರಬೇಕು ಎಂದು 1965ರ ಉನ್ನತ ಶಿಕ್ಷಣ ಕಾಯ್ದೆ ಈ ವರ್ಗಕ್ಕೆ ಲಕ್ಷಣ ಹೇಳಿದೆ. ಮೀಸಲಾತಿಯ ಚರ್ಚೆಗಳನ್ನು ಕೇಳಿ ಬೆಳೆದ ನಮಗೆ ಇವು ಒಂದು ಜನಾಂಗಕ್ಕೆ ಕಾಯ್ದಿರಿಸಿದ ಕಾಲೇಜುಗಳೆಂದು ಅನ್ನಿಸುವುದು ಸಹಜ, ಆದರೆ ಅದು ಸರಿಯಲ್ಲ. ಬಾಗಿಲು ಮುಚ್ಚಿದ್ದು ಬೇರೆ ಕಡೆ. ದಕ್ಷಿಣದ ರಾಜ್ಯಗಳ ಬಿಳಿಯರ ವಿಶ್ವವಿದ್ಯಾಲಯಗಳು ಕಪ್ಪುವರ್ಣೀಯರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ; ಟೆನೆಸಿಯಂಥ ರಾಜ್ಯದಲ್ಲಿ 1901ರ ಬಳಿಕ ಖಾಸಗಿ ಕಾಲೇಜುಗಳೂ ಎರಡು ವರ್ಣದವರನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುವಂತಿರಲಿಲ್ಲ. ಹಾಗೆ ಹೊರಗುಳಿದವರಿಗಾಗಿ, ಬಹುಮಟ್ಟಿಗೆ ಅವರೇ ಬೆವರು ಸುರಿಸಿ ಕಟ್ಟಿಕೊಂಡ ಸಂಸ್ಥೆಗಳಿವು.

ನೂರು ಕಾಲೇಜುಗಳ ಚರಿತ್ರೆಯನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಯಾವುದೂ ಕಣ್ಣಿಗೆ ಕಟ್ಟುವುದಿಲ್ಲ. ಆದ್ದರಿಂದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿರುವ ಫಿಸ್ಕ್ ವಿಶ್ವವಿದ್ಯಾಲಯವೊಂದನ್ನೇ ಇಲ್ಲಿ ನೋಡೋಣ. ಎಚ್‌ಬಿಸಿಯುಗಳ ಬದುಕನ್ನು ಉದ್ದಕ್ಕೂ ಕಾಡಿದ ಒಂದು ಪ್ರಶ್ನೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಕಾಲೇಜು ನಡೆಯುವುದು ಯಾರ ಹಣದಿಂದ, ಅಲ್ಲಿ ನಡೆಯುವುದು ಯಾರ ಮಾತು? ಫಿಸ್ಕ್‌ನಲ್ಲಿ ಹಣ ಸಾಮಾನ್ಯವಾಗಿ ಹೊರಗಿನಿಂದ ಬಂತು. ಆದರೆ ಸಂಸ್ಥೆಯ ದಿಕ್ಕು ಬದಲಾದ ಗಳಿಗೆಗಳಲ್ಲೆಲ್ಲ ಮುಂದೆ ನಿಂತವರು ವಿದ್ಯಾರ್ಥಿಗಳು.

ಅಂತರ್ಯುದ್ಧ 1865ರಲ್ಲಿ ಮುಗಿದಾಗ ದಕ್ಷಿಣದಲ್ಲಿ ಸುಮಾರು 40 ಲಕ್ಷ ಗುಲಾಮರು ಬಿಡುಗಡೆ ಹೊಂದಿದರು. ಯುದ್ಧಕ್ಕೆ ಮುನ್ನ ಅಲ್ಲಿನ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದು ಕಲಿಸುವುದೇ ಅಪರಾಧವಾಗಿತ್ತು. ಕಪ್ಪುವರ್ಣೀಯರಿಗಾಗಿ ಇದ್ದ ಬೆರಳೆಣಿಕೆಯ ಉನ್ನತ ಶಿಕ್ಷಣ ಸಂಸ್ಥೆಗಳು ಪೆನ್ಸಿಲ್ವೇನಿಯ, ಒಹಾಯೊದಂಥ ಉತ್ತರದ ರಾಜ್ಯಗಳಲ್ಲಿದ್ದವು. ಯುದ್ಧ ನಿಂತದ್ದೇ ತಡ, ಉತ್ತರದ ಕ್ರೈಸ್ತ ಮಿಷನರಿ ಸಂಘಗಳು ದಕ್ಷಿಣಕ್ಕೆ ಶಿಕ್ಷಕರನ್ನು ಕಳಿಸತೊಡಗಿದವು. ಅಂಥ ಸಂಘಗಳಲ್ಲಿ ದೊಡ್ಡದಾದ ಅಮೆರಿಕನ್ ಮಿಷನರಿ ಅಸೋಸಿಯೇಷನ್‌ಗೆ ಸೇರಿದ ಎರಾಸ್ಟಸ್ ಕ್ರಾವತ್ ಮತ್ತು ಎಡ್ವರ್ಡ್ ಸ್ಮಿತ್, ಅವರ ಜೊತೆಗೆ ಜಾನ್ ಆಗ್ಡನ್, ಈ ಮೂವರೂ ನ್ಯಾಶ್‌ವಿಲ್‌ನಲ್ಲಿ ಶಾಲೆಯೊಂದನ್ನು ತೆರೆಯಲು ಹೊರಟರು. ಬಿಡುಗಡೆಯಾದ ಗುಲಾಮರ ನೆರವಿಗಾಗಿ ಸರ್ಕಾರ ಸ್ಥಾಪಿಸಿದ್ದ ಫ್ರೀಡ್‌ಮೆನ್ಸ್ ಬ್ಯೂರೊದ ಅಧಿಕಾರಿ ಜನರಲ್ ಕ್ಲಿಂಟನ್ ಫಿಸ್ಕ್ ಅವರು ಸೇನೆ ಬಿಟ್ಟುಹೋಗಿದ್ದ ಮರದ ಕಟ್ಟಡಗಳನ್ನು ಕೊಡಿಸಿದರು. 1866ರ ಜನವರಿ 9ರಂದು ಬಾಗಿಲು ತೆರೆದ ಶಾಲೆಗೆ ಅವರದೇ ಹೆಸರು ಬಂತು.

ಮಕ್ಕಳು ಮಾತ್ರ ಬರುತ್ತಾರೆಂದು ಯಾರಾದರೂ ಎಣಿಸಿದ್ದರೆ ಅದು ಮೊದಲ ದಿನಗಳಲ್ಲೇ ಸುಳ್ಳಾಯಿತು. ಏಳು ವರ್ಷದವರಿಂದ ಎಪ್ಪತ್ತು ವರ್ಷದವರವರೆಗೆ ಜನ ಬಂದು ಕೂತರು. ನಗರದಲ್ಲಿ ಗುಲಾಮರನ್ನು ಕೂಡಿಹಾಕುತ್ತಿದ್ದ ಜಾಗದಲ್ಲಿ ಸಿಕ್ಕಿದ ತುಕ್ಕು ಹಿಡಿದ ಕೈಕೋಳ, ಕಾಲ್ಸಂಕೋಲೆಗಳನ್ನು ಹಳೆ ಕಬ್ಬಿಣದ ಲೆಕ್ಕದಲ್ಲಿ ಮಾರಿ, ಆ ಹಣದಿಂದ ಕಾಗುಣಿತದ ಪುಸ್ತಕಗಳನ್ನು ಕೊಂಡರೆಂದು ಫಿಸ್ಕ್‌ನವರು ಇಂದಿಗೂ ಹೇಳುತ್ತಾರೆ. 1867ರ ಆಗಸ್ಟ್‌ನಲ್ಲಿ ಸಂಸ್ಥೆಯು ಫಿಸ್ಕ್ ವಿಶ್ವವಿದ್ಯಾಲಯವೆಂದು ನೋಂದಣಿಯಾಯಿತು. ಹೆಸರು ವಿಶ್ವವಿದ್ಯಾಲಯ, ನಡೆಯುತ್ತಿದ್ದುದು ಅಕ್ಷರಾಭ್ಯಾಸ. ಇದನ್ನು ಜಂಬವೆಂದು ಅಂದೇ ಹಲವರು ಆಡಿಕೊಂಡರು. ಆದರೆ ಸ್ಥಾಪಕರ ಲೆಕ್ಕ ಬೇರೆಯಿತ್ತು: ಈ ಜನಕ್ಕೆ ಓದು ಬರಹ ಕಲಿಸುವ ಶಿಕ್ಷಕರು ಈ ಜನದಿಂದಲೇ ಬರಬೇಕು, ಅವರನ್ನು ತಯಾರು ಮಾಡಲು ಪದವಿಯ ಮಟ್ಟದವರೆಗೂ ಪಾಠ ಇರಬೇಕು. ಲ್ಯಾಟಿನ್, ಗ್ರೀಕ್, ಗಣಿತಗಳನ್ನು ಓದಿದ ಮೊದಲ ತಂಡ 1875ರಲ್ಲಿ ಪದವಿ ಪಡೆದು ಆ ಲೆಕ್ಕವನ್ನು ಸರಿಮಾಡಿತು.

ಅಷ್ಟರೊಳಗೆ ಕಾಲೇಜು ಮುಚ್ಚಿಹೋಗಬೇಕಿತ್ತು. 1871ರ ಹೊತ್ತಿಗೆ ಮರದ ಕಟ್ಟಡಗಳು ಶಿಥಿಲವಾಗಿದ್ದವು, ಸಾಲ ಬೆಳೆದಿತ್ತು. ಖಜಾಂಚಿ ಜಾರ್ಜ್ ವೈಟ್ ಅವರು ಸಂಗೀತವನ್ನೂ ಕಲಿಸುತ್ತಿದ್ದರು. ವಿದ್ಯಾರ್ಥಿಗಳ ಗಾಯನ ತಂಡವೊಂದನ್ನು ಕಟ್ಟಿಕೊಂಡು ಉತ್ತರದ ಊರುಗಳಲ್ಲಿ ಕಛೇರಿ ನಡೆಸಿ ಹಣ ತರುವುದು ಅವರ ಯೋಜನೆ. ಅನೇಕರಿಗೆ ಇದು ಹುಚ್ಚು ಸಾಹಸವಾಗಿ ಕಂಡಿತು. ಆದರೂ ಅಕ್ಟೋಬರ್ 6ರಂದು ಒಂಬತ್ತು ಮಂದಿ ಹಾಡುಗಾರರು ರೈಲು ಹತ್ತಿದರು. ಬಹುತೇಕರು ಗುಲಾಮಗಿರಿಯಲ್ಲಿ ಹುಟ್ಟಿದವರು.

ಅವರಲ್ಲಿ ಪಿಯಾನೊ ನುಡಿಸುತ್ತ, ತಂಡವನ್ನು ತರಬೇತುಗೊಳಿಸುತ್ತ ಎಲ್ಲರನ್ನೂ ಹಿಡಿದಿಟ್ಟವರು ಎಲ್ಲಾ ಶೆಪರ್ಡ್. 1851ರಲ್ಲಿ ನ್ಯಾಶ್‌ವಿಲ್ ಬಳಿ ಗುಲಾಮಳ ಮಗಳಾಗಿ ಹುಟ್ಟಿದ ಆಕೆಯನ್ನು ತಂದೆ ಹಣ ಕೊಟ್ಟು ಬಿಡಿಸಿಕೊಂಡಿದ್ದರು. ತಾಯಿಯನ್ನು ಮಾರಲು ಒಡತಿ ಒಪ್ಪಲಿಲ್ಲ. ಮುಂದೆ ಸಿನ್ಸಿನಾಟಿಯಲ್ಲಿ ಒಬ್ಬ ಬಿಳಿಯ ಶಿಕ್ಷಕರು ಆಕೆಗೆ ಪಿಯಾನೊ ಕಲಿಸಲು ಒಪ್ಪಿಕೊಂಡದ್ದು ಒಂದು ಷರತ್ತಿನ ಮೇಲೆ: ವಿಷಯ ಯಾರಿಗೂ ತಿಳಿಯಕೂಡದು, ರಾತ್ರಿಯ ಹೊತ್ತು ಹಿತ್ತಿಲ ಬಾಗಿಲಿನಿಂದ ಬರಬೇಕು. ತಂದೆ ತೀರಿಕೊಂಡ ಮೇಲೆ ಶಾಲೆಯೊಂದರಲ್ಲಿ ಪಾಠ ಹೇಳಿ ಉಳಿಸಿದ ಆರು ಡಾಲರ್ ಹಿಡಿದು 1868ರಲ್ಲಿ ಫಿಸ್ಕ್‌ಗೆ ಬಂದರು. ಆ ಹಣ ಕೆಲವು ವಾರಗಳ ಊಟ ವಸತಿಗಷ್ಟೇ ಸಾಲುವಂತಿತ್ತು. ಉಳಿದದ್ದನ್ನು ಸಂಗೀತ ಹೇಳಿಕೊಟ್ಟು ದುಡಿದುಕೊಂಡರು.

ತಂಡ ಮೊದಮೊದಲು ಹಾಡುತ್ತಿದ್ದುದು ಬಿಳಿಯ ಶ್ರೋತೃಗಳಿಗೆ ಪರಿಚಿತವಾಗಿದ್ದ ಪಾಶ್ಚಾತ್ಯ ಗೀತೆಗಳನ್ನು. ಗುಲಾಮರು ಹೊಲಗಳಲ್ಲಿ, ಗುಟ್ಟಿನ ಪ್ರಾರ್ಥನಾ ಕೂಟಗಳಲ್ಲಿ ಹಾಡಿಕೊಳ್ಳುತ್ತಿದ್ದ ‘ಸ್ಪಿರಿಚುವಲ್’ ಎಂಬ ಭಕ್ತಿಗೀತೆಗಳು ಅವರಿಗೆಲ್ಲ ಬಾಯಿಪಾಠವಾಗಿದ್ದರೂ ಅವನ್ನು ವೇದಿಕೆಯ ಮೇಲೆ ಹಾಡುವ ಆಲೋಚನೆ ಇರಲಿಲ್ಲ. ಆ ಹಾಡುಗಳಿಗೆ ಗುಲಾಮಗಿರಿಯ ನೆನಪು ಅಂಟಿಕೊಂಡಿತ್ತು, ಅವು ತಂದೆತಾಯಿಯರ ಪಾಲಿಗೆ ಪವಿತ್ರವಾಗಿದ್ದವು ಎಂದು ಶೆಪರ್ಡ್ ನಂತರ ಬರೆದಿದ್ದಾರೆ. ಕುರ್ಚಿಗಳು ಕಡಿಮೆಯಿದ್ದ ಕೋಣೆಯಲ್ಲಿ ನೆಲದ ಮೇಲೆ ಕುಳಿತು, ಹೊರಗೆ ಕೇಳದಂತೆ ಮೆಲುದನಿಯಲ್ಲಿ ಈ ಹಾಡುಗಳನ್ನು ಒಬ್ಬರಿಗೊಬ್ಬರು ಕಲಿಸಿಕೊಟ್ಟುದನ್ನೂ ಅವರು ದಾಖಲಿಸಿದ್ದಾರೆ. ಆ ಕಾಲದಲ್ಲಿ ಕಪ್ಪುವರ್ಣೀಯರ ಸಂಗೀತವೆಂದರೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ನಡೆಸುತ್ತಿದ್ದ ನಗೆಯಾಟ ಎಂದು ತಿಳಿದಿದ್ದ ಜನಕ್ಕೆ, ತಮ್ಮ ಹಿರಿಯರ ನೋವಿನ ಹಾಡುಗಳನ್ನು ಒಪ್ಪಿಸುವುದಕ್ಕೆ ಅವರು ಅಳುಕಿದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲ ವಾರಗಳು ಹೀನಾಯವಾಗಿದ್ದವು. ಹೋಟೆಲುಗಳು ಕೋಣೆ ಕೊಡಲಿಲ್ಲ; ಸಂಪಾದನೆ ದಾರಿಖರ್ಚಿಗೂ ಸಾಲಲಿಲ್ಲ. ಹೀಗಿದ್ದೂ, ಅದೇ ಅಕ್ಟೋಬರ್‌ನಲ್ಲಿ ಷಿಕಾಗೊ ನಗರ ಬೆಂಕಿಗೆ ಆಹುತಿಯಾದ ಸುದ್ದಿ ಬಂದಾಗ ಕಛೇರಿಯ ಗಳಿಕೆಯನ್ನು ಸಂತ್ರಸ್ತರಿಗೆ ಕೊಟ್ಟುಬಿಟ್ಟರು. ನವೆಂಬರ್‌ನಲ್ಲಿ ಒಹಾಯೊದ ಒಬರ್ಲಿನ್‌ನಲ್ಲಿ ಪಾದ್ರಿಗಳ ದೊಡ್ಡ ಸಮ್ಮೇಳನವೊಂದು ನಡೆಯುತ್ತಿತ್ತು. ಅಲ್ಲಿ ಈ ತಂಡ ಸ್ಪಿರಿಚುವಲ್ ಒಂದನ್ನು ಹಾಡಿದಾಗ ಸಭೆ ಮೌನವಾಗಿ ಕೇಳಿತು ಮತ್ತು ಮುಂದಿನ ಆಹ್ವಾನಗಳಿಗೆ ದಾರಿಯಾಯಿತು. ಬೈಬಲ್ಲಿನಲ್ಲಿ ಗುಲಾಮರಿಗೆ ಬಿಡುಗಡೆ ಕೊಡುವ ‘ಜುಬಿಲಿ’ ವರ್ಷದ ಪ್ರಸ್ತಾಪ ಬರುತ್ತದೆ. ಅದನ್ನು ನೆನೆದು ವೈಟ್ ಅವರು ತಂಡಕ್ಕೆ ಜುಬಿಲಿ ಸಿಂಗರ್ಸ್ ಎಂದು ಹೆಸರಿಟ್ಟರು. ಡಿಸೆಂಬರ್‌ನಲ್ಲಿ ಬ್ರೂಕ್ಲಿನ್‌ನ ಪ್ರಸಿದ್ಧ ಪಾದ್ರಿ ಹೆನ್ರಿ ವಾರ್ಡ್ ಬೀಚರ್ ಅವರ ಚರ್ಚಿನಲ್ಲಿ ಹಾಡಿದರು, ಮರುವರ್ಷ ಅಮೆರಿಕದ ಅಧ್ಯಕ್ಷ ಗ್ರಾಂಟ್ ಅವರ ಮುಂದೆ ಹಾಡಿದರು. ಮೊದಲ ಪ್ರವಾಸದಲ್ಲಿ ಕೂಡಿದ್ದು 20,000 ಡಾಲರ್. 1873ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯ ಎದುರು ಹಾಡಿದ ತಂಡ ಅಲ್ಲಿಂದ ಸುಮಾರು 50,000 ಡಾಲರ್ ತಂದಿತು. ಆ ಹಣದಲ್ಲಿ ಎದ್ದು ನಿಂತ ಜುಬಿಲಿ ಹಾಲ್ ಎಂಬ ಭವನ 1876ರ ಜನವರಿ 1ರಂದು ಉದ್ಘಾಟನೆಯಾಯಿತು. ದಕ್ಷಿಣದಲ್ಲಿ ಕಪ್ಪುವರ್ಣೀಯರ ಶಿಕ್ಷಣಕ್ಕಾಗಿ ಎದ್ದ ಮೊದಲ ಶಾಶ್ವತ ಕಟ್ಟಡವಿದೆಂದು ಫಿಸ್ಕ್‌ನವರು ಹೇಳುತ್ತಾರೆ; ಅದು ನಿಂತಿರುವುದು ಉತ್ತರದ ಸೇನೆಯ ಹಳೆಯ ಕೋಟೆಯೊಂದರ ಜಾಗದಲ್ಲಿ.

ಇದನ್ನು ಬರೀ ಯಶಸ್ಸಿನ ಕಥೆಯಾಗಿ ಹೇಳುವ ರೂಢಿಯಿದೆ. ಅದು ಪೂರ್ಣ ಸತ್ಯವಲ್ಲ. ವರ್ಷಗಟ್ಟಲೆ ಬಿಡುವಿಲ್ಲದ ಪ್ರವಾಸದಿಂದ ಹಾಡುಗಾರರ ಆರೋಗ್ಯ ಕೆಟ್ಟಿತು, ಓದು ಅರ್ಧಕ್ಕೆ ನಿಂತಿತು. ಕಾಲೇಜನ್ನು ಉಳಿಸಿದವರಲ್ಲಿ ಬಹುತೇಕರಿಗೆ ಆ ಕಾಲೇಜಿನ ಪದವಿ ಪಡೆಯಲಾಗಲಿಲ್ಲ. 1878ರಲ್ಲಿ ತಂಡ ಚದುರಿತು. ಮುಂದೆ ಅದರ ಗಾಯಕರಲ್ಲೊಬ್ಬರಾದ ಫ್ರೆಡರಿಕ್ ಲೌಡಿನ್ ಅವರು ಸ್ವತಂತ್ರವಾಗಿ ತಂಡ ಕಟ್ಟಿಕೊಂಡು 1884ರಿಂದ 1890ರವರೆಗೆ ಆಸ್ಟ್ರೇಲಿಯ, ನ್ಯೂಜಿಲೆಂಡ್, ಭಾರತ, ಜಪಾನ್‌ಗಳನ್ನು ಸುತ್ತಿದರು. ಟೆನೆಸಿಯ ಹತ್ತಿ ಹೊಲಗಳ ಹಾಡು ನಮ್ಮ ದೇಶದ ಸಭಾಂಗಣಗಳಲ್ಲಿ ಅಷ್ಟು ಹಿಂದೆಯೇ ಕೇಳಿಬಂದಿತ್ತೆಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ.

1885ರಲ್ಲಿ ಮಸಾಚುಸೆಟ್ಸ್‌ನ ಸಣ್ಣ ಊರೊಂದರಿಂದ ಹದಿನೇಳು ವರ್ಷದ ಹುಡುಗನೊಬ್ಬ ಫಿಸ್ಕ್‌ಗೆ ಬಂದ. ಕಪ್ಪುವರ್ಣೀಯರು ವಿರಳವಾಗಿದ್ದ ಊರಿನಲ್ಲಿ ಬೆಳೆದಿದ್ದ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ತಮ್ಮವರೇ ತುಂಬಿದ್ದ ಆವರಣ ಹೊಸ ಲೋಕವಾಗಿ ಕಂಡಿತು. ಬೇಸಿಗೆಯ ರಜೆಗಳಲ್ಲಿ ಅವರು ಟೆನೆಸಿಯ ಹಳ್ಳಿಯೊಂದಕ್ಕೆ ಹೋಗಿ ಪಾಠ ಹೇಳಿದರು. ಒಬ್ಬ ಜಮೀನುದಾರ ಜೋಳ ತುಂಬಿಡುತ್ತಿದ್ದ ಮರದ ದಿಮ್ಮಿಗಳ ಗುಡಿಸಲೇ ಶಾಲೆ. ಮಕ್ಕಳ ಬೆಂಚುಗಳಿಗೆ ಬೆನ್ನಾಸರೆ ಇರಲಿಲ್ಲ. ಮೇಷ್ಟರು ಕೂರುವ ಕುರ್ಚಿ ಮನೆಯೊಡತಿಯಿಂದ ಎರವಲು ತಂದದ್ದು, ಪ್ರತಿ ಸಂಜೆ ಹಿಂತಿರುಗಿಸಬೇಕಾಗಿತ್ತು. 1888ರಲ್ಲಿ ಫಿಸ್ಕ್ ಪದವಿ ಪಡೆದು ಹಾರ್ವರ್ಡ್‌ಗೆ ಹೋದ ಡುಬಾಯ್ಸ್, 1895ರಲ್ಲಿ ಅಲ್ಲಿ ಪಿಎಚ್‌ಡಿ ಪಡೆದ ಮೊದಲ ಕಪ್ಪುವರ್ಣೀಯರಾದರು.

ಎಚ್‌ಬಿಸಿಯುಗಳ ಚರಿತ್ರೆಯಲ್ಲಿ ಪಾಠಪುಸ್ತಕಗಳು ತಪ್ಪದೆ ಹೇಳುವ ವಾಗ್ವಾದವೊಂದಿದೆ. ಅಲಬಾಮದಲ್ಲಿ ಟಸ್ಕೀಗೀ ಸಂಸ್ಥೆಯನ್ನು ಕಟ್ಟಿದ ಬೂಕರ್ ಟಿ. ವಾಷಿಂಗ್ಟನ್ ಅವರು ಕಪ್ಪುವರ್ಣೀಯರು ಮೊದಲು ಬೇಸಾಯ, ಬಡಗಿತನ, ಇಟ್ಟಿಗೆ ತಯಾರಿಕೆಗಳಂಥ ಕಸುಬು ಕಲಿತು ಆರ್ಥಿಕವಾಗಿ ನೆಲೆ ಕಾಣಲಿ ಎಂದರು. ಸಾಹಿತ್ಯ, ತತ್ವಶಾಸ್ತ್ರ, ವಿಜ್ಞಾನಗಳ ಉನ್ನತ ಶಿಕ್ಷಣ ಪಡೆದ ನಾಯಕರಿಲ್ಲದೆ ಯಾವ ಜನಾಂಗವೂ ಮೇಲೇಳದು ಎಂದು ಡುಬಾಯ್ಸ್ ಎದುರುತ್ತರ ಕೊಟ್ಟರು. ಬಿಳಿಯ ದಾನಿಗಳಿಗೆ ವಾಷಿಂಗ್ಟನ್ ಅವರ ದಾರಿ ಹೆಚ್ಚು ಹಿಡಿಸಿದ್ದರಿಂದ ಹಣ ಆ ಕಡೆ ಹರಿಯಿತು, ಫಿಸ್ಕ್‌ನಂಥ ಸಂಸ್ಥೆಗಳು ಬಡವಾದವು. ಆದರೆ ಎರಡು ಪಾಳೆಯಗಳ ನಡುವಿನ ಗೋಡೆ ಹೇಳುವಷ್ಟು ಗಟ್ಟಿಯಾಗಿರಲಿಲ್ಲ: ವಾಷಿಂಗ್ಟನ್ ಅವರ ಪತ್ನಿ ಮಾರ್ಗರೆಟ್ ಮರ್ರೆ ಫಿಸ್ಕ್‌ನ ಪದವೀಧರೆ, ಸ್ವತಃ ವಾಷಿಂಗ್ಟನ್ ಕೊನೆಯ ವರ್ಷಗಳಲ್ಲಿ ಫಿಸ್ಕ್‌ನ ಧರ್ಮದರ್ಶಿ ಮಂಡಳಿಯಲ್ಲಿದ್ದರು.

ದಾನದ ಹಣ ತನ್ನ ಜೊತೆಗೆ ಏನನ್ನು ತರುತ್ತದೆಂಬುದು 1920ರ ದಶಕದಲ್ಲಿ ಬಯಲಾಯಿತು. 1915ರಲ್ಲಿ ಅಧ್ಯಕ್ಷರಾಗಿ ಬಂದ ಫಯೆಟ್ ಮೆಕೆಂಜಿ ಅವರು, ಫಿಸ್ಕ್‌ನ ಹಿಂದಿನ ಎಲ್ಲ ಅಧ್ಯಕ್ಷರಂತೆ, ಬಿಳಿಯರು. ರಾಕ್‌ಫೆಲರ್, ಕಾರ್ನೆಗಿ ನಿಧಿಗಳಿಂದ 10 ಲಕ್ಷ ಡಾಲರ್‌ಗಳ ಮೂಲನಿಧಿ ಕೂಡಿಸುವುದು ಅವರ ಗುರಿಯಾಗಿತ್ತು, ಅದಕ್ಕೆ ಸ್ಥಳೀಯ ಬಿಳಿಯರ ಮೆಚ್ಚುಗೆಯೂ ಬೇಕಿತ್ತು. ಆದ್ದರಿಂದ ವಿದ್ಯಾರ್ಥಿಗಳು ತಕರಾರು ಮಾಡದ, ಅಡ್ಡಮಾತಾಡದ ಜನವೆಂದು ತೋರಿಸಬೇಕಾಯಿತು. ವಿದ್ಯಾರ್ಥಿ ಸಂಘ ಹೋಯಿತು, ವಿದ್ಯಾರ್ಥಿ ಪತ್ರಿಕೆ ನಿಂತಿತು, ನಾಗರಿಕ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿಯ ಶಾಖೆಗೆ ಅನುಮತಿ ಸಿಗಲಿಲ್ಲ. ಹುಡುಗಿಯರು ಹತ್ತಿಯ ಕಾಲುಚೀಲವನ್ನೇ ಹಾಕಬೇಕು, ಹುಡುಗ ಹುಡುಗಿ ಜೊತೆಯಲ್ಲಿ ನಡೆದಾಡಬಾರದು ಎಂಬ ಕಟ್ಟಳೆಗಳು ಬಂದವು. 1924ರ ಜೂನ್‌ನಲ್ಲಿ ಮಗಳ ಪದವಿ ಪ್ರದಾನದ ಸಂದರ್ಭದಲ್ಲಿ ಆವರಣಕ್ಕೆ ಬಂದ ಡುಬಾಯ್ಸ್, ವೇದಿಕೆಯ ಮೇಲೆ ಅಧ್ಯಕ್ಷರು ಕುಳಿತಿರುವಂತೆಯೇ ಇದನ್ನೆಲ್ಲ ಖಂಡಿಸಿ ಮಾತನಾಡಿದರು.

1925ರ ಫೆಬ್ರುವರಿ 4ರ ರಾತ್ರಿ ವಸತಿಗೃಹದ ದೀಪ ಆರಿಸುವ ಹೊತ್ತಿನಲ್ಲಿ ಹುಡುಗರು ಡುಬಾಯ್ಸ್ ಹೆಸರನ್ನು ಕೂಗುತ್ತ ಹೊರಬಿದ್ದರು, ಕಿಟಕಿಗಳು ಒಡೆದವು. ಮೆಕೆಂಜಿ ನಗರದ ಬಿಳಿಯ ಪೊಲೀಸರನ್ನು ಕರೆಸಿ, ಮುಂದಾಳುಗಳೆಂದು ತಮಗೆ ಅನ್ನಿಸಿದವರ ಹೆಸರುಗಳನ್ನು ಕೊಟ್ಟರು. ಕಪ್ಪುವರ್ಣೀಯರನ್ನು ಗುಂಪುಗೂಡಿ ಕೊಲ್ಲುವುದು ದಕ್ಷಿಣದಲ್ಲಿ ಇನ್ನೂ ನಿಲ್ಲದಿದ್ದ ಕಾಲದಲ್ಲಿ ಇದು ಕ್ಷಮಿಸುವಂಥ ನಡೆಯಾಗಿರಲಿಲ್ಲ. ವಿದ್ಯಾರ್ಥಿಗಳು ತರಗತಿ ಬಿಟ್ಟರು, ಅನೇಕರು ಮನೆಗೆ ಹೋದರು, ನಗರದ ಕಪ್ಪುವರ್ಣೀಯರು ಮತ್ತು ಹಳೆಯ ವಿದ್ಯಾರ್ಥಿಗಳು ಅವರ ಬೆನ್ನಿಗೆ ನಿಂತರು. ಎರಡು ತಿಂಗಳ ಮೇಲೆ, ಏಪ್ರಿಲ್‌ನಲ್ಲಿ ಮೆಕೆಂಜಿ ರಾಜೀನಾಮೆ ಕೊಟ್ಟರು. ಹೊಸ ಆಡಳಿತದಲ್ಲಿ ಕಟ್ಟಳೆಗಳು ಸಡಿಲಗೊಂಡವು. 1930ರಲ್ಲಿ ದಕ್ಷಿಣದ ಶಿಕ್ಷಣ ಮಂಡಳಿಯ ಮಾನ್ಯತೆ ಪಡೆದ ಮೊದಲ ಕಪ್ಪುವರ್ಣೀಯರ ಸಂಸ್ಥೆ ಎನ್ನಿಸಿಕೊಂಡಿತು ಫಿಸ್ಕ್. ಅದಕ್ಕೆ ಕಪ್ಪುವರ್ಣೀಯ ಅಧ್ಯಕ್ಷರೊಬ್ಬರು, ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಜಾನ್ಸನ್, ಬಂದದ್ದು ಮಾತ್ರ 1946ರಲ್ಲಿ, ಸ್ಥಾಪನೆಯಾಗಿ ಎಂಬತ್ತು ವರ್ಷಗಳ ನಂತರ.

ಇನ್ನು 1960. ಷಿಕಾಗೊದಲ್ಲಿ ಬೆಳೆದ ಡಯಾನ್ ನ್ಯಾಶ್ ಹಿಂದಿನ ವರ್ಷವಷ್ಟೇ ಫಿಸ್ಕ್ ಸೇರಿದ್ದರು. ಟೆನೆಸಿಯ ಜಾತ್ರೆಯೊಂದರಲ್ಲಿ ಹೆಂಗಸರ ಶೌಚಾಲಯಕ್ಕೆ ಬಿಳಿಯರಿಗೊಂದು, ಉಳಿದವರಿಗೊಂದು ಫಲಕ ಹಾಕಿದ್ದನ್ನು ಕಂಡು ಅವರು ಅವಮಾನದಿಂದ ಕುದಿದರು. ಇದನ್ನು ಎದುರಿಸುವವರು ಯಾರಿದ್ದಾರೆಂದು ಹುಡುಕಿದಾಗ ಸಿಕ್ಕಿದ್ದು ಆವರಣದ ಸಮೀಪದ ಚರ್ಚಿನಲ್ಲಿ ಜೇಮ್ಸ್ ಲಾಸನ್ ನಡೆಸುತ್ತಿದ್ದ ತರಬೇತಿ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದುತ್ತಿದ್ದ ಲಾಸನ್ ಅದಕ್ಕೆ ಮೊದಲು ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕೆಲಸ ಮಾಡಿ, ಗಾಂಧೀಜಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ ಬಂದವರು. ಅವರ ತರಬೇತಿ ಬರಿ ಉಪನ್ಯಾಸವಾಗಿರಲಿಲ್ಲ. ವಿದ್ಯಾರ್ಥಿಗಳಲ್ಲಿ ಕೆಲವರು ಬಿಳಿಯ ಪುಂಡರ ಪಾತ್ರ ವಹಿಸಿ ಬೈದು, ತಳ್ಳಿ, ಕುರ್ಚಿಯಿಂದ ಎಳೆದು ಬೀಳಿಸುತ್ತಿದ್ದರು. ಉಳಿದವರು ತಿರುಗಿ ಹೊಡೆಯದೆ ಇರುವುದನ್ನು, ತಲೆಗೆ ಪೆಟ್ಟಾಗದಂತೆ ಮೈ ಮುದುಡಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದರು. ಮುಂದೆ ಸಂಸದರಾದ ಜಾನ್ ಲೂಯಿಸ್ ಆಗ ನಗರದ ಮತ್ತೊಂದು ಕಾಲೇಜಿನ ವಿದ್ಯಾರ್ಥಿ. ಬಳಿಕ ಫಿಸ್ಕ್‌ನಿಂದಲೂ ಪದವಿ ಪಡೆದರು.

ನಗರದ ಅಂಗಡಿಗಳಲ್ಲಿ ಕಪ್ಪುವರ್ಣೀಯರು ಸಾಮಾನು ಕೊಳ್ಳಬಹುದಿತ್ತು, ಆದರೆ ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಕೂರುವಂತಿರಲಿಲ್ಲ. ಫೆಬ್ರುವರಿ 13ರಂದು ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಶುಚಿಯಾಗಿ ಉಡುಪು ಧರಿಸಿ, ಪುಸ್ತಕ ಹಿಡಿದು, ಆ ಕೌಂಟರುಗಳ ಮುಂದೆ ಕುಳಿತರು. ಫೆಬ್ರುವರಿ 27ರಂದು ಬಿಳಿಯ ಪುಂಡರು ಅವರನ್ನು ಥಳಿಸಿದಾಗ ಪೊಲೀಸರು ಬಂಧಿಸಿದ್ದು ಪೆಟ್ಟು ತಿಂದವರನ್ನು, ಒಟ್ಟು 81 ಮಂದಿಯನ್ನು. 50 ಡಾಲರ್ ದಂಡ ಕಟ್ಟಲು ನಿರಾಕರಿಸಿ ನ್ಯಾಶ್ ಮತ್ತು ಸಂಗಡಿಗರು ಜೈಲನ್ನೇ ಆರಿಸಿಕೊಂಡರು.

ಯಾರ ಹಣ, ಯಾರ ಮಾತು ಎಂಬ ಮೊದಲಿನ ಪ್ರಶ್ನೆಗೆ ಇಲ್ಲೊಂದು ಒಳ್ಳೆಯ ಉತ್ತರ ಸಿಗುತ್ತದೆ. ಅದೇ ದಿನಗಳಲ್ಲಿ ಅಲಬಾಮದ ಸರ್ಕಾರಿ ಎಚ್‌ಬಿಸಿಯು ಒಂದರ ವಿದ್ಯಾರ್ಥಿಗಳು ಇಂಥದೇ ಧರಣಿ ಮಾಡಿದಾಗ ರಾಜ್ಯಪಾಲರ ಒತ್ತಡದಿಂದ ಒಂಬತ್ತು ಮಂದಿಯನ್ನು ಕಾಲೇಜು ಹೊರಹಾಕಿತು. ಅಲ್ಲಿ ಅನುದಾನ ಕೊಡುತ್ತಿದ್ದುದು ರಾಜ್ಯ. ಫಿಸ್ಕ್ ಖಾಸಗಿ ಸಂಸ್ಥೆ. ಅದರ ಅಧ್ಯಕ್ಷ ಸ್ಟೀಫನ್ ರೈಟ್ ವಿದ್ಯಾರ್ಥಿಗಳನ್ನು ಬಹಿರಂಗವಾಗಿ ಬೆಂಬಲಿಸಬಲ್ಲವರಾಗಿದ್ದರು. ಲಾಸನ್ ಅವರನ್ನು ಹೊರಹಾಕಿದ್ದು ಶ್ರೀಮಂತವಾದ, ಬಿಳಿಯರ ವ್ಯಾಂಡರ್‌ಬಿಲ್ಟ್.

ಏಪ್ರಿಲ್ 19ರ ಬೆಳಗಿನ ಜಾವ ವಿದ್ಯಾರ್ಥಿಗಳ ಪರ ವಕೀಲ ಝಡ್. ಅಲೆಗ್ಸಾಂಡರ್ ಲೂಬಿ ಅವರ ಮನೆಯ ಮೇಲೆ ಬಾಂಬ್ ಬಿತ್ತು. ಅಂದೇ ಸಾವಿರಾರು ಜನ ಸಾಲುಗಟ್ಟಿ, ಮಾತಿಲ್ಲದೆ, ಮೇಯರ್ ಕಚೇರಿಗೆ ನಡೆದರು. ಮೆಟ್ಟಿಲ ಮೇಲೆ ನಿಂತಿದ್ದ ಮೇಯರ್ ಬೆನ್ ವೆಸ್ಟ್ ಅವರನ್ನು ನ್ಯಾಶ್ ನೇರವಾಗಿ ಕೇಳಿದರು: ಬಣ್ಣವೊಂದರ ಕಾರಣಕ್ಕೆ ಮನುಷ್ಯರಲ್ಲಿ ಭೇದ ಮಾಡುವುದು ತಪ್ಪೆಂದು ನಿಮಗೆ ಅನ್ನಿಸುತ್ತದೆಯೇ? ತಪ್ಪು ಎಂದು ಮೇಯರ್ ಒಪ್ಪಿಕೊಂಡರು. ಕಪ್ಪುವರ್ಣೀಯರು ಅಂಗಡಿಗಳಿಗೆ ಹಾಕಿದ್ದ ಬಹಿಷ್ಕಾರದಿಂದ ವ್ಯಾಪಾರ ಸೊರಗಿತ್ತೆಂಬುದನ್ನೂ ಮರೆಯಬಾರದು; ನೀತಿಯ ಪ್ರಶ್ನೆ ಎಷ್ಟು ಕೆಲಸ ಮಾಡಿತೋ ಖಾಲಿ ಗಲ್ಲಾಪೆಟ್ಟಿಗೆಯೂ ಅಷ್ಟೇ ಕೆಲಸ ಮಾಡಿತು. ಮೇ 10ರಂದು ಆರು ಅಂಗಡಿಗಳ ಕೌಂಟರುಗಳು ಎಲ್ಲರಿಗೂ ಊಟ ಬಡಿಸಿದವು.

ಈ ಗೆಲುವು ಫಿಸ್ಕ್‌ಗೆ ಮತ್ತೊಂದು ಬಗೆಯ ಕಷ್ಟ ತಂದಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರ ಶ್ರೀಮಂತ ವಿಶ್ವವಿದ್ಯಾಲಯಗಳು ಬಾಗಿಲು ತೆರೆದವು. ಮೊದಲು ಫಿಸ್ಕ್‌ಗಲ್ಲದೆ ಬೇರೆಡೆ ಹೋಗಲು ದಾರಿಯಿರದ ಪ್ರತಿಭಾವಂತರಿಗೆ, ಪ್ರಾಧ್ಯಾಪಕರಿಗೆ, ಅವು ಹೆಚ್ಚಿನ ವಿದ್ಯಾರ್ಥಿವೇತನ, ಹೆಚ್ಚಿನ ಸಂಬಳ ಕೊಡಬಲ್ಲವಾಗಿದ್ದವು. ಎಚ್‌ಬಿಸಿಯುಗಳ ಮೂಲನಿಧಿ ತೀರ ಚಿಕ್ಕದು. ಅದಕ್ಕೆ ಕಾರಣವೂ ಚರಿತ್ರೆಯಲ್ಲೇ ಇದೆ: ಆಸ್ತಿ ಮಾಡಲು ಅವಕಾಶವೇ ಸಿಗದ ತಲೆಮಾರುಗಳ ಮಕ್ಕಳಾದ ಹಳೆಯ ವಿದ್ಯಾರ್ಥಿಗಳು ಎಷ್ಟೆಂದು ಕೊಟ್ಟಾರು? 1980ರ ದಶಕದ ಒಂದು ಚಳಿಗಾಲದಲ್ಲಿ ಗ್ಯಾಸ್ ಬಿಲ್ ಬಾಕಿಯಾಗಿ ಕಟ್ಟಡಗಳನ್ನು ಬೆಚ್ಚಗಿಡುವ ವ್ಯವಸ್ಥೆಯೇ ನಿಂತುಹೋಗುವ ಸ್ಥಿತಿ ಬಂತು.

ಹಾಗಾದರೆ ಈಗಲೂ ವಿದ್ಯಾರ್ಥಿಗಳು ಏಕೆ ಹೋಗುತ್ತಾರೆ? ಎಲ್ಲ ಕಡೆಯೂ ಅಲ್ಪಸಂಖ್ಯಾತರಾಗಿ ಬದುಕಿದವರಿಗೆ, ಡುಬಾಯ್ಸ್‌ಗೆ 1885ರಲ್ಲಿ ಆದ ಅನುಭವವೇ ಇಂದಿಗೂ ಆಗುತ್ತದೆಂಬುದು ಒಂದು ಕಾರಣ. ಚಿಕ್ಕ ತರಗತಿ, ಹೆಸರು ಹಿಡಿದು ಮಾತಾಡಿಸುವ ಮೇಷ್ಟರು, ಕುಟುಂಬದಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರನ್ನು ಕೈಬಿಡದ ರೂಢಿ ಮತ್ತೊಂದು. ಜುಬಿಲಿ ಸಿಂಗರ್ಸ್ ಇಂದಿಗೂ ಇದೆ. 2021ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು.

ಹಣದ ಪ್ರಶ್ನೆಯೂ ಹಾಗೆಯೇ ಇದೆ. 1949ರಲ್ಲಿ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಅವರು ತಮ್ಮ ಪತಿ, ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಸಂಗ್ರಹಿಸಿದ್ದವೂ ಸೇರಿದಂತೆ 101 ಕಲಾಕೃತಿಗಳನ್ನು ಫಿಸ್ಕ್‌ಗೆ ದಾನ ಕೊಟ್ಟಿದ್ದರು. ವರ್ಣಭೇದ ಕಾನೂನಾಗಿದ್ದ ಊರಿನಲ್ಲಿ, ಕಪ್ಪುವರ್ಣೀಯ ವಿದ್ಯಾರ್ಥಿಗಳು ಸೆಜಾನ್, ಪಿಕಾಸೊ ಅವರ ಕೃತಿಗಳನ್ನು ತಮ್ಮದೇ ಗ್ಯಾಲರಿಯಲ್ಲಿ ನೋಡುವಂತಾಯಿತು. ಕೃತಿಗಳನ್ನು ಮಾರಬಾರದು, ಎಲ್ಲವನ್ನೂ ಒಟ್ಟಿಗೆ ಇಡಬೇಕು ಎಂಬುದು ದಾನಿಯ ಷರತ್ತು. 2005ರಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕಿದ ಆಡಳಿತ ಎರಡು ಚಿತ್ರಗಳನ್ನು ಮಾರಲು ಹೊರಟಿತು. ಆಗ ಅಧ್ಯಕ್ಷರಾಗಿದ್ದವರು ಇದೇ ಕಾಲೇಜಿನ ಪದವೀಧರೆ, ಹಿಂದೆ ಅಮೆರಿಕದ ಇಂಧನ ಸಚಿವೆಯಾಗಿದ್ದ ಹೇಜಲ್ ಒಲಿಯರಿ. ದಾನಿಯ ಇಚ್ಛೆಗೆ ಇದು ವಿರುದ್ಧವೆಂದು ಆಕ್ಷೇಪ ಬಂದು, ವ್ಯಾಜ್ಯ ಏಳು ವರ್ಷ ನಡೆಯಿತು. 2012ರಲ್ಲಿ ಆದ ಇತ್ಯರ್ಥದಂತೆ ಅರ್ಕನ್ಸಾ ರಾಜ್ಯದ ಕ್ರಿಸ್ಟಲ್ ಬ್ರಿಡ್ಜಸ್ ಸಂಗ್ರಹಾಲಯ 3 ಕೋಟಿ ಡಾಲರ್ ಕೊಟ್ಟು ಸಂಗ್ರಹದಲ್ಲಿ ಅರ್ಧ ಪಾಲು ಪಡೆಯಿತು. ಅಂದಿನಿಂದ ಆ ಕಲಾಕೃತಿಗಳನ್ನು ಎರಡು ವರ್ಷ ನ್ಯಾಶ್‌ವಿಲ್‌ನಲ್ಲಿ, ಎರಡು ವರ್ಷ ಅರ್ಕನ್ಸಾದಲ್ಲಿ ಸರದಿಯ ಮೇಲೆ ಇಡುವ ವ್ಯವಸ್ಥೆ ನಡೆದುಬಂದಿದೆ.